ಗಮಕಿಯ ಕಂಠಶ್ರೀ

ಹೋಮರನ ಮಹಾಕಾವ್ಯಗಳು ಲಿಪಿಗಿಳಿಯುವ ಮುನ್ನ ಗಾಯಕರ ಕಂಠದಲ್ಲಿ ಬಾಳಿದವೆಂಬ ಮಾತಿನ ಮರ್ಮವನ್ನು ಗ್ರಹಿಸಬೇಕಾದರೆ, ಬಸವನಗುಡಿಯಲ್ಲೋ ಚಾಮರಾಜಪೇಟೆಯಲ್ಲೋ ನಡೆಯುವ ಕುಮಾರವ್ಯಾಸ ಭಾರತದ ವಾಚನಕ್ಕೆ ಕಿವಿಗೊಡಬೇಕು. ಭಾಮಿನಿ ಷಟ್ಪದಿಯ ಮೂರು ನಾಲ್ಕು ಮಾತ್ರೆಗಳ ನಡಿಗೆಯನ್ನು ತಾಳದ ಹಂಗಿಲ್ಲದೆ ಅಂತರಂಗದಲ್ಲಿಯೇ ಕಾಪಾಡಿಕೊಂಡು, 14 ಮಾತ್ರೆಗಳ ಎರಡು ಪಾದಗಳನ್ನು ಲಘುವಾಗಿ ದಾಟಿ, ಮೂರನೆಯ ದೀರ್ಘಪಾದದ ಕೊನೆಯ ಗುರುವಿನಲ್ಲಿ ಸ್ವರವನ್ನು ಕ್ಷಣಕಾಲ ನಿಲ್ಲಿಸಿ, ಅರ್ಥ ಕೆಡದಂತೆ ಪದಗಳನ್ನು ಬಿಡಿಸುತ್ತ, ರಸಕ್ಕೊಪ್ಪುವ ರಾಗವನ್ನು ಆಯ್ದುಕೊಳ್ಳುವ ಗಮಕಿಯ ವಿವೇಕವು ಎಷ್ಟು ಸೂಕ್ಷ್ಮವಾದುದು! ಅಲ್ಲಿ ರಾಗವು ಕಾವ್ಯವನ್ನು ಎಂದಿಗೂ ಮೀರದು. ಅಭಿಮನ್ಯುವಿಗಾಗಿ ಅರ್ಜುನನು ಶೋಕಿಸುವಾಗ, ಹೋಮರನ ಕಾವ್ಯದಲ್ಲಿ ಮಗನ ಕಳೇಬರವನ್ನು ಬೇಡಿ ಅಕಿಲೀಸನ ಬಿಡಾರಕ್ಕೆ ಬಂದ ವೃದ್ಧ ಪ್ರಿಯಾಮನೂ ಕಣ್ಣೆದುರು ನಿಲ್ಲುತ್ತಾನೆ. ಗೆದ್ದವನಿಗೂ ಸೋತವನಿಗೂ ದುಃಖವೊಂದೇ ಎಂಬ ಸನಾತನ ಸತ್ಯವನ್ನು ಈ ಕಲೆಯು ಉಪದೇಶಿಸದೆಯೇ ಎದೆಗಿಳಿಸುತ್ತದೆ.