ಜನ್ಮಪಾಪ ಮತ್ತು ಒತ್ತಿದ ಬದು

ಕನ್ನಡ ಕ್ರೈಸ್ತರು ‘ಜನ್ಮಪಾಪ’ ಎನ್ನುತ್ತಾರೆ. ನಮ್ಮ ರೋಣದ ಕಡೆಯ ಹಿರಿಯರ ಕಿವಿಗೆ ಈ ಮಾತು ಬಿದ್ದರೆ ಅವರಿಗೆ ಹೊಳೆಯುವುದು ಹಿಂದಿನ ಜನ್ಮದ ಕರ್ಮ. ಆದರೆ ಎರಡೂ ತೀರ ತಿರುಗುಮುರುಗು. ಕರ್ಮ ನಾನೇ ಮಾಡಿದ್ದು, ನಾನೇ ಉಣ್ಣುವುದು. ಜನ್ಮಪಾಪ ಮೊದಲ ಮನುಷ್ಯ ಆದಾಮ ಮಾಡಿದ್ದು, ನಾನು ಹುಟ್ಟುತ್ತಲೇ ಹೊತ್ತದ್ದು. ಗದಗಿನ ಪಕ್ಕದ ಬೆಟಗೇರಿಗೆ ಬಾಸೆಲ್ ಮಿಶನ್ ಬಂದದ್ದು 1841ರಲ್ಲಿ. ಅಂದಿನಿಂದ ಈ ಸೀಮೆಯ ಹಳ್ಳಿಗಳಲ್ಲಿ ಬೋಧನೆ ಮಾಡಿದವರೆಲ್ಲ ಈ ತೊಡಕಿಗೆ ಸಿಕ್ಕಿರಲೇಬೇಕು. ಅದೇ ಮಿಶನ್ನಿನ ಕಿಟೆಲ್ ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿಗೆ ಇಳಿಸಿದ ‘ಕಥಾಮಾಲೆ’ ಅಚ್ಚಾದದ್ದು 1862ರಲ್ಲಿ. ಜೀವವಿಕಾಸದ ಬಗೆಗಿನ ಡಾರ್ವಿನ್ನನ ಗ್ರಂಥ ಬಂದು ಆಗ ಬರೀ ಮೂರು ವರ್ಷ.

ಡಾರ್ವಿನ್ ತಂದ ತೊಡಕು ಇನ್ನೂ ದೊಡ್ಡದು. ನರಗುಂದ, ರೋಣ ತಾಲ್ಲೂಕುಗಳನ್ನು ಸವರಿಕೊಂಡು ಹೋಗುವ ಇದೇ ಮಲಪ್ರಭೆಯ ಕೊಳ್ಳದಲ್ಲಿ ಹಳೆ ಶಿಲಾಯುಗದ ಕೈಗೊಡಲಿಗಳು ಸಿಕ್ಕಿವೆ. ಅವನ್ನು ಲೋಕಕ್ಕೆ ತೋರಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, ತಮಿಳು ಬೈಬಲ್ ಅನುವಾದಕ್ಕೆ ದುಡಿದ ಮಿಶನರಿ ಪೀಟರ್ ಪರ್ಸಿವಲ್ಲರ ಅಳಿಯ. ಗೋಕಾಕದ ಹತ್ತಿರ ಖಡ್ಗಮೃಗದ ಪಳೆಯುಳಿಕೆ ಕಂಡವರೂ ಇವರೇ. ಸಾವು ಲೋಕಕ್ಕೆ ಬಂದದ್ದು ಪಾಪದ ಮೂಲಕ ಎಂದು ಪೌಲ ರೋಮಾಪುರದವರಿಗೆ ಬರೆದ. ಕಲ್ಲಾದ ಎಲುಬುಗಳೋ, ಮನುಷ್ಯ ಹುಟ್ಟುವುದಕ್ಕೆ ಕೋಟಿಗಟ್ಟಲೆ ವರ್ಷ ಮೊದಲೇ ಜೀವಿಗಳು ಸಾಯುತ್ತಿದ್ದವು ಎನ್ನುತ್ತವೆ. ನಮ್ಮ ಪೂರ್ವಜರ ಸಂಖ್ಯೆ ಎಂದೂ ಇಬ್ಬರಿಗೆ ಇಳಿದಿರಲಿಲ್ಲ, ಸಾವಿರಗಟ್ಟಲೆ ಜನರಿದ್ದರು ಎನ್ನುತ್ತದೆ ತಳಿವಿಜ್ಞಾನ.

ಇದಕ್ಕೆ ಪಂಡಿತರು ಹುಡುಕಿದ ದಾರಿಗಳಲ್ಲಿ ಒಂದು, ಆ ಸಾವಿರಾರು ಜನರಲ್ಲಿ ಇಬ್ಬರನ್ನು ದೇವರು ಆರಿಸಿ ಆತ್ಮ ಕೊಟ್ಟ ಎನ್ನುವುದು. ದೇಹದ ವಿಕಾಸವನ್ನು ವಿದ್ವಾಂಸರು ಚರ್ಚಿಸಲಿ, ಆದರೆ ಹಲವು ಮೂಲಪುರುಷರೆಂಬ ಮಾತು ಜನ್ಮಪಾಪಕ್ಕೆ ಹೇಗೆ ಹೊಂದೀತೋ ಕಾಣದು ಎಂದು 1950ರಲ್ಲಿ ಹನ್ನೆರಡನೆಯ ಪಯಸ್ ಪೋಪರು ಹೇಳಿದ ಮೇಲೆ ಈ ದಾರಿಗೆ ಬೆಲೆ ಬಂತು. ನನಗೆ ಇದು ಒಪ್ಪಿಗೆಯಿಲ್ಲ. ಹೊಲ ಹೋದರೂ ಉತಾರದಲ್ಲಿ ಹೆಸರು ಉಳಿಸಿಕೊಂಡ ಹಾಗಿದೆ. ಕೇಂಬ್ರಿಜ್‌ನ ದೇವತಾಶಾಸ್ತ್ರಜ್ಞ ಟೆನೆಂಟ್ 1902ರಲ್ಲಿ ಇನ್ನೊಂದು ದಾರಿ ತೋರಿಸಿದರು: ಪ್ರಾಣಿಯಿಂದ ಬಂದ ಹಸಿವು, ಸಿಟ್ಟು, ಕಾಮ ಪಾಪವಲ್ಲ, ತಿಳಿವಳಿಕೆ ಮೂಡಿದ ಮೇಲೂ ಅವುಗಳಿಗೆ ಮಣಿಯುವುದು ಪಾಪ. ಪ್ರಾಮಾಣಿಕವಾದ ಮಾತು. ಆದರೆ ಮುಂದೆ ಜನ್ಮಪಾಪದ ಬೋಧನೆಗೆ ರೂಪ ಕೊಟ್ಟ ಅಗಸ್ಟೀನ್ ಹುಡುಗನಾಗಿದ್ದಾಗ ಹಸಿವಿಲ್ಲದೆ ಪೇರು ಹಣ್ಣು ಕದ್ದು ಹಂದಿಗಳಿಗೆ ಎಸೆದದ್ದನ್ನು ಯಾವ ಪ್ರಾಣಿಯ ಹಸಿವು ವಿವರಿಸೀತು?

ಗಜೇಂದ್ರಗಡದ ರಸ್ತೆಯ ಒಂದು ಎರಿ ಹೊಲದ ಮೋಜಣಿಗೆ ನಾನು ಹೋಗಿದ್ದೆ. ಬದು ಗೇಣಗಲಕ್ಕೆ ಸವೆದು, ಕರಿಕಿಯ ಬೇರು ಹೊರಗೆ ಕಾಣುತ್ತಿತ್ತು. ಬಾಂದುಗಲ್ಲು ಒಬ್ಬನ ಜೋಳದ ನಡುವೆ ವಾಲಿ ನಿಂತಿತ್ತು. ಅಜ್ಜ ವರ್ಷಕ್ಕೊಂದು ಸಾಲು ರಂಟಿ ಒತ್ತಿದ್ದ, ಅಪ್ಪ ಸುಮ್ಮನೆ ಬಿತ್ತಿದ್ದ. ಮೊಮ್ಮಗ ಎದೆ ಬಡಿದುಕೊಂಡು ಹೇಳಿದ: “ನಾ ಏನ್ ಒತ್ತೀನ್ರೀ? ನಾ ಹುಟ್ಟಿದಾಗಿಂದ ಹೊಲ ಹಿಂಗ ಐತಿ.” ಅವನು ಹೇಳಿದ್ದು ನಿಜ. ಅವನು ತಿಂದ ರೊಟ್ಟಿಯಲ್ಲಿ ಪಕ್ಕದವನ ನೆಲದ ಜೋಳವಿದ್ದದ್ದೂ ನಿಜ. ಸರಪಳಿ ಎಳೆದು ಗುರುತು ಹಾಕಿದ ಮೇಲೆ ಅವನು ಆ ಗೆರೆಯನ್ನೇ ಬಹಳ ಹೊತ್ತು ನೋಡುತ್ತ ನಿಂತ.

ಜನ್ಮಪಾಪ ನನಗೆ ಅರ್ಥವಾದದ್ದು ಅಲ್ಲಿ. ಬಳುವಳಿಯಾಗಿ ಬರುವುದು ಅಪರಾಧವಲ್ಲ, ಒತ್ತಿದ ನೆಲ. ಪೌಲನ ಗ್ರೀಕಿನಲ್ಲಿ ‘ಎಲ್ಲರೂ ಪಾಪ ಮಾಡಿದ್ದರಿಂದ’ ಎಂಬ ಅರ್ಥ ಕೊಡುವ ಮಾತು ಲ್ಯಾಟಿನ್ನಿಗೆ ಬಂದಾಗ ‘ಅವನಲ್ಲಿ ಎಲ್ಲರೂ ಪಾಪ ಮಾಡಿದರು’ ಎಂದಾಯಿತು. ಅಗಸ್ಟೀನ್ ಓದಿದ್ದು ಆ ಲ್ಯಾಟಿನ್; ಅಪರಾಧವೂ ಬಳುವಳಿ ಎಂಬ ಮಾತಿಗೆ ಅದೇ ಆಧಾರವಾಯಿತು. ಪೂರ್ವದ ಕ್ರೈಸ್ತ ಸಭೆಗಳು ಆದಾಮನಿಂದ ನಮಗೆ ಸಾವು ಬಂತು, ಅವನ ಅಪರಾಧ ಬರಲಿಲ್ಲ ಎಂದೇ ಕಲಿಸುತ್ತ ಬಂದಿವೆ. ಆ ಓದಿಗೆ ವಿಕಾಸವಾದದ ಜೊತೆ ಬಾಳುವೆ ಮಾಡುವ ಶಕ್ತಿ ಹೆಚ್ಚು. ಮೊದಲ ಸಾಲು ಒತ್ತಿದವನ ಹೆಸರು ಗೊತ್ತಿಲ್ಲದಿದ್ದರೂ ಬದು ಸವೆದಿರುವುದು ಸುಳ್ಳಾಗುವುದಿಲ್ಲ. ನಮ್ಮೂರಿನ ಕೂಸು ಮಾತು ಕಲಿಯುವ ಮೊದಲೇ ಯಾವ ಓಣಿಯ ನೀರು ಕುಡಿಯಬಾರದೆಂದು ಕಲಿಯುತ್ತದಲ್ಲ, ಅದೂ ಇದೇ.

ಆದರೂ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹಸಿವು, ಪೈಪೋಟಿ, ಸಾವು ಮೊದಲಿನಿಂದಲೂ ಇದ್ದವೆಂದರೆ, ರಂಟಿ ಒತ್ತುವ ಕೈಯನ್ನು ಹಾಗೆ ಮಾಡಿದವನು ಯಾರು? ಮನುಷ್ಯ ಮಗುವಿನಂತೆ ಹುಟ್ಟಿದ, ಬೆಳೆಯಬೇಕಿತ್ತು ಎಂದ ಎರಡನೆಯ ಶತಮಾನದ ಬಿಷಪ್ ಇರಿನೇಯಸನಲ್ಲಿ ಇದಕ್ಕೆ ಅರ್ಧ ಉತ್ತರವಿದೆ. ಉಳಿದರ್ಧವನ್ನು ನಾನು ಓದಿದ ಯಾವ ಹೊಂದಾಣಿಕೆಯೂ ಕೊಟ್ಟಿಲ್ಲ, ಕೊಟ್ಟೆನೆಂದು ಹೇಳುವವರನ್ನು ನಾನು ನಂಬುವುದೂ ಇಲ್ಲ.