ಅಲ್ಪವೆಚ್ಚದ ಭಯಾನಕ ಚಿತ್ರಗಳು ಮತ್ತು ಮಲೆನಾಡಿನ ಭೂತೈತಿಹ್ಯಗಳು: ಒಂದು ಜಾನಪದೀಯ ವಿಮರ್ಶೆ

೧

ಭರತನ ನಾಟ್ಯಶಾಸ್ತ್ರವು ಎಂಟು ರಸಗಳಲ್ಲಿ ಭಯಾನಕಕ್ಕೂ ಸ್ಥಾನ ನೀಡಿ, ಭಯವನ್ನು ಅದರ ಸ್ಥಾಯಿಭಾವವೆಂದು ಗುರುತಿಸಿದೆ. ಕನ್ನಡ ಚಲನಚಿತ್ರ ವಿಮರ್ಶೆಯು ಈ ರಸದ ಬಗ್ಗೆ ಅಷ್ಟಾಗಿ ತಲೆ ಕೆಡಿಸಿಕೊಂಡಿಲ್ಲ. ಹೊಸ ಅಲೆಯ ಚಿತ್ರಗಳ ಕುರಿತು, ಕಾದಂಬರಿ ಆಧಾರಿತ ಚಿತ್ರಗಳ ಕುರಿತು ಗಣನೀಯ ಅಧ್ಯಯನಗಳು ನಡೆದಿವೆ. ಕಡಿಮೆ ಹಣದಲ್ಲಿ, ಹೊಸ ಮುಖಗಳನ್ನಿಟ್ಟುಕೊಂಡು ತಯಾರಾಗುವ ಭಯಾನಕ ಚಿತ್ರಗಳು ಮಾತ್ರ 'ದೆವ್ವದ ಸಿನಿಮಾ' ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗಿವೆ. ಜಾನಪದ ಅಧ್ಯಯನದ ದೃಷ್ಟಿಯಿಂದ ಈ ಉದಾಸೀನ ಸರಿಯಲ್ಲ. ರಾತ್ರಿಯ ಹೊತ್ತು ಒಲೆಯ ಮುಂದೆ ಹೇಳುತ್ತಿದ್ದ ಭೂತದ ಕಥೆಗಳು ಇಂದು ಉಳಿದುಕೊಂಡಿರುವ ಮುಖ್ಯ ನೆಲೆಗಳಲ್ಲಿ ಈ ಚಿತ್ರಗಳೂ ಒಂದು. ಹಾಗೆಯೇ ಆ ಕಥೆಗಳು ವಿಕಾರಗೊಳ್ಳುತ್ತಿರುವ ನೆಲೆಯೂ ಹೌದು.

ಈ ಚಿತ್ರಗಳ ಶಕ್ತಿ ಮತ್ತು ಮಿತಿಗಳನ್ನು ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಕಾಫಿ ಮಲೆನಾಡಿನ ಐತಿಹ್ಯ ಪರಂಪರೆಯ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮಂಜು, ಮಳೆ, ಒಂಟಿ ಬಂಗಲೆ, ದಟ್ಟ ಕಾಡು ಇವು ಕನ್ನಡದ ಭಯಾನಕ ಚಿತ್ರಗಳ ಸಾಮಾನ್ಯ ಸಾಮಗ್ರಿ. ಇವೆಲ್ಲವನ್ನೂ ಒದಗಿಸುವ ನೆಲದಲ್ಲಿ ಭಯವನ್ನು ಕುರಿತ ತನ್ನದೇ ಆದ ಕಥನಕ್ರಮವೂ ಇದೆ ಎಂಬುದನ್ನು ಚಿತ್ರಗಳು ಎಷ್ಟರಮಟ್ಟಿಗೆ ಅರಿತಿವೆ ಎಂಬುದು ಇಲ್ಲಿನ ಮೂಲಪ್ರಶ್ನೆ.

೨

ಮೊದಲು ಐತಿಹ್ಯದ ಸ್ವರೂಪವನ್ನು ಗಮನಿಸಬೇಕು. ಸ್ವೀಡನ್ನಿನ ಜಾನಪದ ವಿದ್ವಾಂಸ ಕಾರ್ಲ್ ವಿಲ್ಹೆಲ್ಮ್ ವಾನ್ ಸಿಡೋ ೧೯೩೪ರಲ್ಲಿ 'ಮೆಮೊರಾಟ್' ಎಂಬ ಪರಿಕಲ್ಪನೆಯನ್ನು ಮುಂದಿಟ್ಟನು. ವ್ಯಕ್ತಿಯೊಬ್ಬ ತನಗೇ ಆದ ಅಲೌಕಿಕ ಅನುಭವವನ್ನು ಹೇಳಿಕೊಳ್ಳುವ ಕಥನವಿದು. ಮಲೆನಾಡಿನ ಭೂತದ ಕಥೆಗಳಲ್ಲಿ ಬಹುಪಾಲು ಈ ಬಗೆಯವು. 'ನಮ್ಮ ದೊಡ್ಡಪ್ಪ ಗದ್ದೆಗೆ ನೀರು ಕಟ್ಟಲು ಹೋದಾಗ' ಎಂದೋ, 'ಸಂತೆ ಮುಗಿಸಿ ಬರುವಾಗ ಹಳ್ಳದ ಹತ್ತಿರ' ಎಂದೋ ಅವು ಆರಂಭವಾಗುತ್ತವೆ. ಸ್ಥಳ ನಿರ್ದಿಷ್ಟ, ಹೊತ್ತು ನಿರ್ದಿಷ್ಟ, ಕಂಡವರು ಗುರುತಿನವರು. ಕಂಡದ್ದು ಮಾತ್ರ ಅನಿರ್ದಿಷ್ಟ. ಎದುರು ಗುಡ್ಡದಲ್ಲಿ ಸಾಲಾಗಿ ಚಲಿಸುವ ಕೊಳ್ಳಿದೆವ್ವದ ಬೆಳಕು, ಹಿಂದಿನಿಂದ ಬಂದ ಹೆಜ್ಜೆಯ ಸಪ್ಪಳ, ಹೆಸರು ಹಿಡಿದು ಕರೆದ ದನಿ, ಇಷ್ಟೇ. ಭೂತದ ಮುಖವನ್ನು ವರ್ಣಿಸುವ ನಿರೂಪಕರು ಕಡಿಮೆ.

ರಾತ್ರಿ ಹೊರಗಿನಿಂದ ಯಾರಾದರೂ ಹೆಸರು ಕೂಗಿದರೆ ಮೂರನೆಯ ಸಲದವರೆಗೆ ಓಗೊಡಬಾರದೆಂಬ ನಂಬಿಕೆ ಕನ್ನಡನಾಡಿನ ಅನೇಕ ಕಡೆ ಇದೆ. ರಾತ್ರಿಯಲ್ಲಿ ಹಾವನ್ನು ಹಾವೆನ್ನದೆ 'ಹುಳ' ಎನ್ನುವ ರೂಢಿಯೂ ಇದೇ ಮನೋಧರ್ಮದ್ದು. ಹೆಸರಿಸದಿರುವುದು, ಉತ್ತರಿಸದಿರುವುದು, ತಿರುಗಿ ನೋಡದಿರುವುದು ಈ ಪರಂಪರೆಯಲ್ಲಿ ಭಯವನ್ನು ನಿಭಾಯಿಸುವ ಕ್ರಮಗಳು. ಇವೇ ಕೇಳುಗನಲ್ಲಿ ಭಯವನ್ನು ಹುಟ್ಟಿಸುವ ಕ್ರಮಗಳೂ ಆಗಿವೆ. ಕೇಳುವವನು ನಂಬಬೇಕೆಂಬ ಒತ್ತಾಯವೂ ಇಲ್ಲಿಲ್ಲ. ಐತಿಹ್ಯವು ನಂಬಿಕೆಯನ್ನು ಕುರಿತ ಚರ್ಚೆಯೇ ಹೊರತು ನಂಬಿಕೆಯ ಘೋಷಣೆಯಲ್ಲ ಎಂಬುದನ್ನು ಲಿಂಡಾ ಡೇಗ್ ತಮ್ಮ ಅಧ್ಯಯನಗಳಲ್ಲಿ ಪ್ರತಿಪಾದಿಸಿದ್ದಾರೆ. 'ಗಾಳಿ ಸೋಕಿದ್ದಿರಬೇಕು' ಎಂದು ಒಬ್ಬರೆಂದರೆ, 'ಕುಡಿದಿದ್ದಿರಬೇಕು' ಎಂದು ಇನ್ನೊಬ್ಬರು ನಗುತ್ತಾರೆ. ಎರಡು ಮಾತೂ ಸೇರಿಯೇ ಕಥೆ ಪೂರ್ಣವಾಗುತ್ತದೆ.

೩

ಅಲ್ಪವೆಚ್ಚದ ಭಯಾನಕ ಚಿತ್ರದ ಶಕ್ತಿ ಇರುವುದು ಈ ಕಥನಕ್ರಮದೊಂದಿಗಿನ ಅದರ ಸಾದೃಶ್ಯದಲ್ಲಿ. ಹಣವಿಲ್ಲದ ನಿರ್ದೇಶಕ ಭೂತವನ್ನು ತೋರಿಸಲಾರ. ಆದ್ದರಿಂದ ಅದು ಇದೆಯೆಂಬ ಅನುಮಾನವನ್ನು ಬೆಳೆಸಬೇಕಾಗುತ್ತದೆ. ಜಾರ್ಜ್ ರೊಮೆರೊ ೧೯೬೮ರಲ್ಲಿ ಸುಮಾರು ೧,೧೪,೦೦೦ ಡಾಲರುಗಳಲ್ಲಿ ತಯಾರಿಸಿದ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಒಂದು ಹಳ್ಳಿಮನೆಯ ನಾಲ್ಕು ಗೋಡೆಗಳನ್ನೇ ನೆಚ್ಚಿಕೊಂಡಿತು. ೧೯೯೯ರ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ಕಾಡು, ಕತ್ತಲೆ ಮತ್ತು ಏದುಸಿರುಗಳಲ್ಲೇ ತನ್ನ ಪರಿಣಾಮವನ್ನು ಸಾಧಿಸಿತು. ಅದರ ಮಾಟಗಾತಿ ಕೊನೆಯವರೆಗೂ ಕಾಣಿಸಿಕೊಳ್ಳುವುದಿಲ್ಲ.

ಕನ್ನಡದಲ್ಲಿ ಈ ಮಾರ್ಗಕ್ಕೆ ಸ್ಪಷ್ಟ ನಿದರ್ಶನ ಕೆ.ಎಸ್. ಅಶೋಕ ನಿರ್ದೇಶಿಸಿದ '೬-೫=೨' (೨೦೧೩). ಚಾರಣಕ್ಕೆ ಹೊರಟ ಆರು ಜನರ ಕ್ಯಾಮೆರಾದಲ್ಲಿ ಉಳಿದ ದೃಶ್ಯಗಳೆಂಬಂತೆ ರೂಪುಗೊಂಡ ಈ ಚಿತ್ರದಲ್ಲಿ ತಾರೆಯರಿಲ್ಲ. ಚಾರಣದ ಸಾಮಾನ್ಯ ಹರಟೆ, ದಾರಿ ತಪ್ಪಿದ ಗಾಬರಿ, ಪರಸ್ಪರ ದೂಷಣೆಗಳು ನಿಧಾನವಾಗಿ ಭಯಕ್ಕೆ ತಿರುಗುತ್ತವೆ. ಶೀರ್ಷಿಕೆಯ ತಪ್ಪು ಲೆಕ್ಕವೇ ಐತಿಹ್ಯದ ಜಾಯಮಾನದ್ದು: ಆರರಲ್ಲಿ ಐದು ಕಳೆದರೆ ಉಳಿಯಬೇಕಾದ್ದು ಒಂದು, ಉಳಿದದ್ದು ಎರಡು. ಎಣಿಕೆಗೆ ಸಿಗದ ಆ ಇನ್ನೊಂದು ಯಾವುದೆಂದು ಪ್ರೇಕ್ಷಕನೇ ಹೇಳಿಕೊಳ್ಳಬೇಕು. 'ಇದು ನಿಜವಾಗಿ ನಡೆದದ್ದು' ಎಂಬ ಚಿತ್ರದ ನಟನೆಯನ್ನೂ ಕೇವಲ ಪ್ರಚಾರತಂತ್ರವೆಂದು ತಳ್ಳಿಹಾಕುವಂತಿಲ್ಲ. ಮಲೆನಾಡಿನ ಪ್ರತಿಯೊಬ್ಬ ಭೂತಕಥೆಯ ನಿರೂಪಕನೂ ಇದೇ ಮಾತಿನಿಂದ ತೊಡಗುತ್ತಾನೆ.

ಪವನ್ ಕುಮಾರ್ ನಿರ್ದೇಶನದ 'ಯು-ಟರ್ನ್' (೨೦೧೬) ಇನ್ನೊಂದು ಬಗೆಯ ಯಶಸ್ಸು. ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯಲ್ಲಿ ಅಡ್ಡಗಟ್ಟಿದ ಕಲ್ಲುಗಳನ್ನು ಸರಿಸಿ ವಾಹನ ತಿರುಗಿಸುವವರ ಸಾವಿನ ಕಥೆಯಿದು. ಘಟ್ಟದ ರಸ್ತೆಗಳ ತಿರುವುಗಳಲ್ಲಿ ವಾಹನಕ್ಕೆ ಕೈ ಅಡ್ಡ ಹಿಡಿಯುವ ಹೆಂಗಸಿನ ಐತಿಹ್ಯಗಳಿಗೂ ಇದಕ್ಕೂ ರಚನೆಯಲ್ಲಿ ಸಂಬಂಧವಿದೆ. ಎರಡರಲ್ಲೂ ನಿರ್ದಿಷ್ಟ ಜಾಗ, ಅಲ್ಲಿ ಸಂಭವಿಸಿದ ಸಾವು, ಆ ಸಾವಿಗೆ ಹೊಣೆ ಹೊರದ ಲೋಕ ಇವೆ. ಭೂತವೆಂದರೆ ತೀರದ ಬಾಕಿ ಎಂಬ ಜನಪದ ತಿಳಿವಳಿಕೆಯನ್ನು ಈ ಚಿತ್ರ ನಗರದ ಬದುಕಿಗೆ ಅನ್ವಯಿಸಿತು. ಯಾರೂ ಅಪರಾಧವೆಂದು ಎಣಿಸದ ಸಣ್ಣ ನಿರ್ಲಕ್ಷ್ಯವನ್ನು ಅದು ಲೆಕ್ಕಕ್ಕೆ ತಂದುಕೊಂಡಿದೆ.

೨೦೨೫ರಲ್ಲಿ ತೆರೆಕಂಡ ಜೆ.ಪಿ. ತುಮಿನಾಡು ಅವರ 'ಸು ಫ್ರಂ ಸೋ' ಭಯ ಮತ್ತು ಹಾಸ್ಯಗಳನ್ನು ಬೆರೆಸಿದ ಕೃತಿ. ತನ್ನ ತಪ್ಪನ್ನು ಮುಚ್ಚಿಕೊಳ್ಳಲು ಯುವಕನೊಬ್ಬ ಮೈಮೇಲೆ ಬಂದಂತೆ ನಟಿಸುತ್ತಾನೆ. ಊರು ಅದನ್ನು ಸೋಮೇಶ್ವರದ ಸುಲೋಚನೆಯ ಪ್ರೇತವೆಂದು ನಂಬುತ್ತದೆ. ಡೇಗ್ ಹೇಳಿದ ನಂಬಿಕೆಯ ಚರ್ಚೆ ಇಲ್ಲಿ ಒಂದು ಇಡೀ ಊರಿನ ಮಾತಾಗಿ ಹರಡಿಕೊಂಡಿದೆ. ನಂಬುವವರು, ನಂಬದಿದ್ದರೂ ಹೆದರುವವರು, ನಂಬಿಕೆಯಿಂದ ಲಾಭ ಪಡೆಯುವವರು ಎಲ್ಲರೂ ಅಲ್ಲಿದ್ದಾರೆ. ಕರಾವಳಿಯ ಕನ್ನಡದ ಲಯ, ಮದುವೆಮನೆ, ಜಗಲಿ, ಗೆಳೆಯರ ಕೂಟ ಇವುಗಳಿಲ್ಲದೆ ಆ ಭೂತಕ್ಕೆ ಅಸ್ತಿತ್ವವೇ ಇಲ್ಲ. ಊರಿನ ಸಮೇತ ಭೂತವನ್ನು ಕಟ್ಟಿದ್ದು ಈ ಚಿತ್ರದ ಮುಖ್ಯ ಸಾಧನೆ.

೪

ಇನ್ನು ಮಿತಿಗಳತ್ತ ಬರಬಹುದು. ನಟನೆಯ ಒರಟುತನ, ಧ್ವನಿಮುದ್ರಣದ ದೋಷ, ಹಗಲನ್ನೇ ಇರುಳೆಂದು ತೋರಿಸುವ ಛಾಯಾಗ್ರಹಣ ಮುಂತಾದುವು ಹಣದ ಅಭಾವದಿಂದ ಬಂದವು, ಕ್ಷಮ್ಯವಾದವು. ಹೆಚ್ಚು ಗಂಭೀರವಾದ ದೋಷಗಳು ಬೇರೆ ಇವೆ.

ಮೊದಲನೆಯದು ತಾಣವನ್ನು ಊರಿನಿಂದ ಬೇರ್ಪಡಿಸುವುದು. ಅಲ್ಪವೆಚ್ಚದ ಚಿತ್ರಕ್ಕೆ ಒಂದೇ ತಾಣ ಅನುಕೂಲ. ಕಾಫಿತೋಟದ ಬಂಗಲೆಯೋ ಹೋಂಸ್ಟೇಯೋ ದೊರೆತರೆ ಅಲ್ಲಿಯೇ ಇಡೀ ಚಿತ್ರೀಕರಣ ಮುಗಿಯುತ್ತದೆ. ಪರಿಣಾಮವಾಗಿ ಕಥೆ ಬಂಗಲೆಯ ಕಿಟಕಿಯಿಂದಲೇ ಕಾಣುತ್ತದೆ. ನಗರದಿಂದ ಬಂದ ಗೆಳೆಯರು, ಮೌನಿಯಾದ ಮೇಟಿ, ಎಚ್ಚರಿಕೆ ಕೊಟ್ಟು ಮರೆಯಾಗುವ ಮುದುಕ ಎಂಬ ಪಾತ್ರವರ್ಗ ಸಿದ್ಧವಾಗುತ್ತದೆ. ತೋಟದ ಲೈನು ಮನೆಗಳು ಚೌಕಟ್ಟಿನ ಹೊರಗುಳಿಯುತ್ತವೆ. ಮಲೆನಾಡಿನ ಭೂತಕಥೆಗಳನ್ನು ಉಳಿಸಿ ಬೆಳೆಸಿದವರಲ್ಲಿ ಘಟ್ಟದ ಕೆಳಗಿನಿಂದ, ತಮಿಳುನಾಡಿನಿಂದ ದುಡಿಮೆಗೆ ಬಂದು ಲೈನುಗಳಲ್ಲಿ ನೆಲೆಸಿದವರ ಪಾಲು ದೊಡ್ಡದು. ತುಳು, ತಮಿಳು, ಮಲೆನಾಡ ಕನ್ನಡಗಳು ಬೆರೆತ ಅವರ ಮಾತು ಈ ಚಿತ್ರಗಳಲ್ಲಿ ಕೇಳುವುದೇ ಅಪರೂಪ. ಭೂತವನ್ನು ಮರೆಯಲ್ಲಿಡುವ ಮಿತವ್ಯಯವೇ ಊರನ್ನೂ ಮರೆಯಲ್ಲಿಡುತ್ತದೆ. ಒಂದೇ ಕಾರಣದಿಂದ ಹುಟ್ಟಿದ ಈ ಎರಡರಲ್ಲಿ ಮೊದಲನೆಯದು ಕಲೆ, ಎರಡನೆಯದು ಲೋಪ.

ಎರಡನೆಯದು ದೈವ ಮತ್ತು ದೆವ್ವಗಳನ್ನು ಒಂದಾಗಿಸುವ ದೋಷ. ಮಲೆನಾಡಿನಲ್ಲಿ ಭೂತ ಎಂಬ ಮಾತಿಗೆ ಎರಡು ನೆಲೆಗಳಿವೆ. ಬನದಲ್ಲಿ ಕಲ್ಲಿನ ರೂಪದಲ್ಲಿರುವ ಚೌಡಿ, ಪಂಜುರ್ಲಿ, ಗುಳಿಗ ಮೊದಲಾದ ಶಕ್ತಿಗಳು ಜಾಗವನ್ನು ಕಾಯುವಂಥವು. ಅವಕ್ಕೆ ವರ್ಷಕ್ಕೊಮ್ಮೆ ಎಡೆ, ಹರಕೆ, ಕೋಳಿ ಸಲ್ಲುತ್ತವೆ. ಅವು ಮುನಿಯುತ್ತವೆ, ಕ್ಷಮಿಸುತ್ತವೆ, ಮಾತಿಗೆ ಸಿಗುತ್ತವೆ. ಅಕಾಲಮರಣಕ್ಕೀಡಾಗಿ ಅಲೆಯುವ ಪ್ರೇತ ಇದಕ್ಕಿಂತ ಭಿನ್ನ. ಮೊದಲನೆಯದರೊಂದಿಗೆ ಜನರದ್ದು ಒಡಂಬಡಿಕೆಯ ಸಂಬಂಧ, ಎರಡನೆಯದರೊಂದಿಗೆ ಬಿಡುಗಡೆಯ ಸಂಬಂಧ. ಬನದ ಕಲ್ಲು, ಕುಂಕುಮ, ತ್ರಿಶೂಲಗಳನ್ನು ತಂದು ದುಷ್ಟಶಕ್ತಿಯ ಸಂಕೇತವಾಗಿಸುವ ಚಿತ್ರಗಳು ಈ ವ್ಯತ್ಯಾಸವನ್ನು ಅಳಿಸಿಬಿಡುತ್ತವೆ. ಅನೂಪ್ ಭಂಡಾರಿಯವರ 'ರಂಗಿತರಂಗ' (೨೦೧೫) ತನ್ನ ಬಿಗಿಯಾದ ಕಥನದಿಂದ ಗಮನಾರ್ಹವಾದುದು. ಆದರೂ ಆರಾಧನೆಯ ಬಣ್ಣ ಮತ್ತು ವೇಷಗಳು ಅಲ್ಲಿ ಬಹುಮಟ್ಟಿಗೆ ಕೊಲೆಗಾರನ ಮರೆಯಾಗಿ ಬಳಕೆಯಾಗುತ್ತವೆ. 'ಕಾಂತಾರ' (೨೦೨೨) ಬಂದ ನಂತರ ದೈವದ ಚಿತ್ರಣವನ್ನು ಕುರಿತು ನಡೆದ ಸಾರ್ವಜನಿಕ ಚರ್ಚೆಯು ಇದು ಕೇವಲ ವಿದ್ವಾಂಸರ ಆಕ್ಷೇಪವಲ್ಲವೆಂದು ತೋರಿಸಿಕೊಟ್ಟಿತು. ಒಬ್ಬರ ಮನೆದೈವ ಇನ್ನೊಬ್ಬರ ತೆರೆಯ ಪಿಶಾಚಿಯಾದಾಗ ನೋಯುವವರು ನಿಜವಾದ ಜನ.

ಮೂರನೆಯದು ಭೂತದ ಹೆಣ್ಣುರೂಪದ ಸಮಸ್ಯೆ. ಐತಿಹ್ಯಗಳಲ್ಲಿಯೂ ಪ್ರೇತವಾಗಿ ಬರುವವರು ಹೆಚ್ಚಾಗಿ ಹೆಂಗಸರು: ಬಾಣಂತನದಲ್ಲಿ ಸತ್ತವಳು, ಬಾವಿಗೆ ಬಿದ್ದವಳು, ಮೋಸಹೋದವಳು. ಆದರೆ ಅಲ್ಲಿ ಆಕೆಗೆ ಮನೆತನ, ತವರು, ಕಾರಣಗಳಿರುತ್ತವೆ. ಕೇಳುವವರು ಆಕೆಗಾಗಿ ಮರುಗುತ್ತಾರೆ. ಜಪಾನಿನ 'ರಿಂಗು' (೧೯೯೮) ಚಿತ್ರದ ನಂತರ ಲೋಕವೆಲ್ಲ ಹರಡಿದ, ಮುಖದ ಮೇಲೆ ಕೂದಲು ಚೆಲ್ಲಿದ ಬಿಳಿಯ ಆಕೃತಿಯು ಈ ಕಾರಣಗಳನ್ನೆಲ್ಲ ನುಂಗಿಹಾಕಿದೆ. ಅಗ್ಗದಲ್ಲಿ ಸಿಗುವ ಈ ಆಕೃತಿ ಎಲ್ಲಿಯದೂ ಆಗಬಲ್ಲದು. ಆದ್ದರಿಂದ ಅದು ಎಲ್ಲಿಯದೂ ಅಲ್ಲ.

ನಾಲ್ಕನೆಯದು ಮುಕ್ತಾಯದ ಆತುರ. ಅನಂತನಾಗ್ ಮತ್ತು ಲಕ್ಷ್ಮಿ ಅಭಿನಯಿಸಿದ 'ನಾ ನಿನ್ನ ಬಿಡಲಾರೆ' (೧೯೭೯) ಪ್ರೇತಬಾಧೆಗೆ ರಾಯರ ಸನ್ನಿಧಿಯಲ್ಲಿ ಪರಿಹಾರ ಕಂಡಿತು. ಭಕ್ತಿಯ ಚೌಕಟ್ಟಿನಲ್ಲಿ ಅದು ಸಹಜವಾದ ಮುಗಿತಾಯ. ನಂತರದ ಅನೇಕ ಚಿತ್ರಗಳು ಆ ಚೌಕಟ್ಟಿಲ್ಲದೆಯೇ ಅದರ ಉಪಸಂಹಾರವನ್ನು ಮಾತ್ರ ಎರವಲು ಪಡೆದು, ಕೊನೆಯ ಹತ್ತು ನಿಮಿಷಗಳಲ್ಲಿ ಮಂತ್ರವಾದಿಯನ್ನೋ ಮನೋವೈದ್ಯನನ್ನೋ ಕರೆತರುತ್ತವೆ. ಫ್ರೆಂಚ್ ವಿಮರ್ಶಕ ತ್ಸ್ವೆತಾನ್ ಟೊಡೊರೊವ್ ೧೯೭೦ರಲ್ಲಿ ಅದ್ಭುತ ಕಥನದ ತಿರುಳೆಂದು ಗುರುತಿಸಿದ ಸಂದಿಗ್ಧತೆ ಅಲ್ಲಿಗೆ ಸತ್ತುಹೋಗುತ್ತದೆ. ಮೂಢನಂಬಿಕೆಯ ಹೆಸರಿನ ಶೋಷಣೆಯನ್ನು ತಡೆಯಲು ಕರ್ನಾಟಕವು ೨೦೧೭ರಲ್ಲಿ ಕಾನೂನು ರೂಪಿಸಿದೆ. ಇಂಥ ನಾಡಿನಲ್ಲಿ ಮಂತ್ರವಾದಿಯ ಹಿಂಸೆಯನ್ನು ಚಿಕಿತ್ಸೆಯೆಂದು ತೋರಿಸುವುದು ಕಲಾದೋಷವಷ್ಟೇ ಅಲ್ಲ, ಸಾಮಾಜಿಕ ದೋಷವೂ ಹೌದು.

೫

ಹಾಗಾದರೆ ಈ ಸೀಮೆಯ ಭಯಕ್ಕೆ ತಕ್ಕ ಚಿತ್ರ ಹೇಗಿರಬಲ್ಲದು ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಬೇಕಾದ ವಸ್ತು ಇಲ್ಲಿಯೇ ಇದೆ. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ೨೦೦೫ರ ಡಿಸೆಂಬರ್ ಅಂತ್ಯಕ್ಕೆ ಗಣಿಗಾರಿಕೆ ನಿಂತ ಮೇಲೆ ಕುದುರೆಮುಖ ಪಟ್ಟಣದಲ್ಲಿ ಖಾಲಿ ಮನೆಗಳ ಸಾಲುಗಳು ಉಳಿದವು. ೨೦೧೯ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡಗಳು ಕುಸಿದು ಮನೆ, ಗದ್ದೆ, ತೋಟಗಳನ್ನು ಆಹುತಿ ತೆಗೆದುಕೊಂಡವು. ರಾತ್ರಿ ಕೇಳುವ ಶಬ್ದ ಆನೆಯದೋ ಗುಡ್ಡ ಜಾರುವುದೋ ಎಂದು ಕಿವಿಗೊಟ್ಟು ಮಲಗುವ ಜನರಿಗೆ ಭಯವೆಂಬುದು ರಂಜನೆಯ ವಿಷಯವಲ್ಲ. ಹತ್ತೊಂಬತ್ತನೆಯ ಶತಮಾನದಿಂದ ತೋಟಗಳನ್ನು ಕಡಿದು ಕಟ್ಟಿದ ಕೂಲಿಗಳಲ್ಲಿ ಮಲೇರಿಯಾಕ್ಕೆ ಬಲಿಯಾದವರಿಗೆ ಬಹುಪಾಲು ಹೆಸರೂ ಉಳಿದಿಲ್ಲ, ಗೋರಿಯೂ ಇಲ್ಲ. ಭೂತವೆಂದರೆ ತೀರದ ಬಾಕಿ ಎಂಬ ತಿಳಿವಳಿಕೆ ಇಲ್ಲಿ ಚರಿತ್ರೆಯ ಬಾಗಿಲನ್ನೇ ತೆರೆಯಬಲ್ಲದು.

ಹಣದ ದಾರಿಯೂ ಮುಚ್ಚಿಲ್ಲ. 'ಲೂಸಿಯಾ' (೨೦೧೩) ಸಾರ್ವಜನಿಕರಿಂದ ಸಂಗ್ರಹಿಸಿದ ಸುಮಾರು ಐವತ್ತು ಲಕ್ಷ ರೂಪಾಯಿಗಳಲ್ಲಿ ತಯಾರಾಯಿತು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ 'ಡೇರ್‌ಡೆವಿಲ್ ಮುಸ್ತಾಫಾ' (೨೦೨೩) ಚಿತ್ರಕ್ಕೆ ಅವರ ನೂರು ಮಂದಿ ಓದುಗರೇ ಬಂಡವಾಳ ಹೂಡಿದರು. ಇವು ಭಯಾನಕ ಚಿತ್ರಗಳಲ್ಲ. ಆದರೆ ಊರಿನ ಕಥೆಗೆ ಊರಿನವರೇ ಬೆಂಬಲವಾಗಬಹುದೆಂಬುದಕ್ಕೆ ಸಾಕ್ಷಿಗಳು. ತೇಜಸ್ವಿಯವರ 'ಚಿದಂಬರ ರಹಸ್ಯ' (೧೯೮೫) ಕಾದಂಬರಿಯು ವದಂತಿ, ಸಂಶಯ, ಭೀತಿಗಳು ಮಲೆನಾಡಿನ ಹಳ್ಳಿಯೊಂದನ್ನು ಆವರಿಸುವ ಬಗೆಯನ್ನು ಚಿತ್ರಿಸಿದೆ. ಭಯದ ವಸ್ತುವಿಗಿಂತ ಭಯಪಡುವ ಸಮುದಾಯ ಮುಖ್ಯವೆಂಬ ಈ ಪಾಠವನ್ನು ಚಿತ್ರಕಾರರು ಇನ್ನೂ ಪೂರ್ಣವಾಗಿ ಕಲಿತಂತಿಲ್ಲ.

೬

ಒಟ್ಟಿನಲ್ಲಿ, ಅಲ್ಪವೆಚ್ಚದ ಸ್ವತಂತ್ರ ಭಯಾನಕ ಚಿತ್ರವು ತನ್ನ ಬಡತನದಿಂದಲೇ ಮೌಖಿಕ ಪರಂಪರೆಗೆ ಹತ್ತಿರವಾಗುತ್ತದೆ. ತೋರಿಸದೆ ಹೇಳುವುದು, ಶಬ್ದವನ್ನು ನೆಚ್ಚುವುದು, ನಂಬಿಕೆ ಮತ್ತು ಅಪನಂಬಿಕೆಗಳ ನಡುವೆ ಕೇಳುಗನನ್ನು ನಿಲ್ಲಿಸುವುದು ಎರಡಕ್ಕೂ ಸಮಾನ. ಈ ಸಂಬಂಧವನ್ನು ಅರಿಯದೆ ಪರದೇಶದ ಆಕೃತಿಗಳನ್ನೂ ಬಾಡಿಗೆಯ ಬಂಗಲೆಗಳನ್ನೂ ನಂಬಿಕೊಂಡಾಗ ಅದು ಎರಡು ನಷ್ಟಗಳಿಗೆ ಕಾರಣವಾಗುತ್ತದೆ: ಚಿತ್ರ ಹೆದರಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ಊರು ತನ್ನ ಕಥೆಯನ್ನು ಕಳೆದುಕೊಳ್ಳುತ್ತದೆ. ಎರಡನೆಯ ನಷ್ಟ ಹೆಚ್ಚು ದೊಡ್ಡದು. ಲೈನು ಮನೆಗಳ ಹಿರಿಯ ನಿರೂಪಕರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಅವರ ಮೊಮ್ಮಕ್ಕಳು ಭೂತವನ್ನು ಮೊದಲು ಕಾಣುವುದು ಮೊಬೈಲ್ ತೆರೆಯ ಮೇಲೆ. ಅಲ್ಲಿ ಅವರಿಗೆ ಚೌಡಿಯ ಬನ ಪಿಶಾಚಿಯ ಬೀಡಾಗಿ ಕಂಡರೆ, ಆ ಬನದೊಂದಿಗೆ ಅವರ ಹಿರಿಯರು ಮಾಡಿಕೊಂಡಿದ್ದ ಒಡಂಬಡಿಕೆಯೂ ಮುಗಿದಂತೆ. ಆದ್ದರಿಂದ ಜಾನಪದ ಕ್ಷೇತ್ರಕಾರ್ಯ ಮತ್ತು ಸ್ವತಂತ್ರ ಚಿತ್ರನಿರ್ಮಾಣಗಳು ಪರಸ್ಪರ ಹತ್ತಿರ ಬರುವುದು ಅಗತ್ಯ. ಮೂಡಿಗೆರೆ, ಕಳಸ ಸೀಮೆಯ ಭೂತೈತಿಹ್ಯಗಳನ್ನು ನಿರೂಪಕರ ಮಾತಿನಲ್ಲಿಯೇ ದಾಖಲಿಸಿ ಚಿತ್ರಕಾರರಿಗೆ ಒದಗಿಸುವ ಕೆಲಸವನ್ನು ಸಂಶೋಧಕರು ಕೈಗೆತ್ತಿಕೊಳ್ಳಬೇಕು; ಅದನ್ನು ಬಳಸುವವರು ಕಥೆಯ ಒಡೆಯರು ಯಾರೆಂಬುದನ್ನು ಮರೆಯಬಾರದು.