50 ತ್ರಿಕೋನಗಳ ಗೊರವಯ್ಯ

ಕರಿ ಕಂಬಳಿ, ಕೈಯಲ್ಲಿ ಡಮರು, ಹಣೆ ತುಂಬ ಭಂಡಾರ. ದೇವರಗುಡ್ಡದ ಮಾಲತೇಶನ ಗುಡಿಯ ಮುಂದೆ ತೆಗೆದ, ಆ ದೇವರ ಸೇವಕರಾದ ಗೊರವಯ್ಯರೊಬ್ಬರ ಫೋಟೊವನ್ನು ಈ ವಾರ ಕಂಪ್ಯೂಟರಿಗೆ ಕೊಟ್ಟು, ಬರೀ 50 ತ್ರಿಕೋನಗಳಲ್ಲಿ ಮತ್ತೆ ಕಟ್ಟಲು ಹಚ್ಚಿದೆ. ಒಂದು ರಾತ್ರಿ ಹಿಡಿಯಿತು. ಬೆಳಿಗ್ಗೆ ನೋಡಿದರೆ ಗೊರವಯ್ಯ ಪರದೆಯ ಮೇಲೆ ನಿಂತಿದ್ದರು.

ಈ ವಿದ್ಯೆಗೆ ವಿಕಾಸದ ಅಲ್ಗಾರಿದಮ್ ಎಂದು ಹೆಸರು. ಬ್ಯಾಡಗಿ ಸೀಮೆಯ ಮೆಣಸಿನಕಾಯಿ ರೈತರಿಗೆ ಇದು ಹೊಸದೇನಲ್ಲ. ಕಡ್ಡಿಯೋ ಡಬ್ಬಿಯೋ, ಬಣ್ಣ ಗಾಢವಾಗಿರುವ ಒಳ್ಳೆಯ ಕಾಯಿಯನ್ನು ಬೀಜಕ್ಕೆಂದು ತೆಗೆದಿಟ್ಟು, ಮುಂದಿನ ಬೆಳೆಯಲ್ಲೂ ಹಾಗೇ ಆರಿಸುತ್ತ ಹೋದರೆ ತಳಿ ನಿಲ್ಲುತ್ತದೆ. ಕಂಪ್ಯೂಟರ್ ಕೂಡ ಮೊದಲು ತ್ರಿಕೋನಗಳನ್ನು ಮನಬಂದಂತೆ ಚೆಲ್ಲುತ್ತದೆ. ಆಮೇಲೆ ಒಂದರ ಮೂಲೆಯನ್ನೋ ಬಣ್ಣವನ್ನೋ ತುಸು ಬದಲಿಸಿ, ಫೋಟೊದ ಜೊತೆ ಚುಕ್ಕಿಗೆ ಚುಕ್ಕಿ ಹೋಲಿಸುತ್ತದೆ. ವ್ಯತ್ಯಾಸ ತಗ್ಗಿದರೆ ಹೊಸದು ಉಳಿಯಿತು, ಇಲ್ಲವಾದರೆ ಹಳೆಯದೇ ಗಟ್ಟಿ. ಹೀಗೆ ಲಕ್ಷಗಟ್ಟಲೆ ಸಲ.

2008ರ ಡಿಸೆಂಬರಿನಲ್ಲಿ ಸ್ವೀಡನ್ನಿನ ರೋಜರ್ ಆಲ್ಸಿಂಗ್ 50 ಅರೆಪಾರದರ್ಶಕ ಬಹುಭುಜಗಳಿಂದ ಮೋನಾಲಿಸಾಳನ್ನು ಮೂಡಿಸಿದರು. 9 ಲಕ್ಷಕ್ಕೂ ಹೆಚ್ಚು ತಲೆಮಾರು ಬೇಕಾದವು. ಪ್ರತಿ ತಲೆಮಾರಿಗೂ ತಾಯಿ ಒಂದು, ಮಗು ಒಂದು. ಎರಡು ತಳಿಗಳ ಬೆರಕೆಯಿಲ್ಲ. ಹಾಗಾಗಿ ಇದು ನಿಜವಾದ ಜೆನೆಟಿಕ್ ಅಲ್ಗಾರಿದಮ್ ಅಲ್ಲ ಎಂಬ ತಕರಾರು ಎದ್ದಿತು. ಆದರೆ ಬರ್ಲಿನ್ನಿನ ಇಂಗೋ ರೆಖೆನ್‌ಬರ್ಗ್ 1960ರ ದಶಕದಲ್ಲಿ ಬೆಳೆಸಿದ ವಿಕಾಸ ತಂತ್ರ ಶುರುವಾದದ್ದೇ ಇಂಥ ಒಂಟಿ ತಾಯಿ, ಒಂಟಿ ಮಗುವಿನಿಂದ.

ನನ್ನ ಚಿತ್ರದಲ್ಲಿ ಮೊದಲು ಕುದುರಿದ್ದು ಆಕಾಶ ಮತ್ತು ಕಂಬಳಿ. ಅಗಲ ಜಾಗ ಸರಿಹೋದರೆ ವ್ಯತ್ಯಾಸದ ಲೆಕ್ಕ ಸರ್ರನೆ ಇಳಿಯುತ್ತದಲ್ಲ! ಮುಖ ಮಾತ್ರ ಕಂದು ಮಚ್ಚೆಯಾಗಿಯೇ ಉಳಿಯಿತು. ಲೆಕ್ಕಕ್ಕೆ ಕಣ್ಣೂ ಒಂದೇ, ಅಷ್ಟಗಲದ ಕಂಬಳಿಯ ಚೂರೂ ಒಂದೇ. ಮುಖದ ಚುಕ್ಕಿಗಳ ತಪ್ಪಿಗೆ ಹತ್ತು ಪಟ್ಟು ತೂಕ ಕೊಟ್ಟ ಮೇಲೆ ತ್ರಿಕೋನಗಳು ಅತ್ತ ಸರಿದವು. ಯಾವುದು ಮುಖ್ಯ ಎಂದು ನಾವೇ ಹೇಳಿಕೊಡಬೇಕು. ಭಂಡಾರ ಮಾತ್ರ ಹೇಳದೆಯೇ ಬಂತು: ಒಂದರ ಮೇಲೊಂದು ಬಿದ್ದ ಮೂರು ತೆಳು ಹಳದಿ ತ್ರಿಕೋನಗಳು ಗಾಳಿಗೆ ತೂರಿದ ಪುಡಿಯಂತೆಯೇ ಕಂಡವು.

500 ತ್ರಿಕೋನ ಕೊಟ್ಟೂ ನೋಡಿದೆ. ಹೋಲಿಕೆ ಹೆಚ್ಚಿತು, ಚಿತ್ರ ಸೊರಗಿತು. ಕೈ ನಡುಗಿ ತೆಗೆದ ಫೋಟೊದಂತಾಯಿತು. ಈ ಹವ್ಯಾಸ ಹಿಡಿಯುವವರಿಗೆ ನನ್ನ ಸಲಹೆ ಇಷ್ಟೇ: ಸಂಖ್ಯೆಯನ್ನು ಬಿಗಿಹಿಡಿಯಿರಿ, ಕಾಲವನ್ನು ಧಾರಾಳ ಕೊಡಿ.

ಮಹಾನವಮಿಗೆ ಇದೇ ದೇವರಗುಡ್ಡದಲ್ಲಿ ಗೊರವಯ್ಯ ಬಿಲ್ಲನ್ನೇರಿ, 'ಸದ್ದಲೇ' ಎಂದು ಜನಸಾಗರವನ್ನು ಸುಮ್ಮನಾಗಿಸಿ, ಒಂದೇ ಸಾಲಿನ ಭವಿಷ್ಯವಾಣಿ, ಕಾರ್ಣಿಕ ನುಡಿಯುತ್ತಾರೆ. ಮಳೆಯೋ ಬೆಳೆಯೋ ರಾಜಕೀಯವೋ, ಉಳಿದದ್ದನ್ನು ಜನ ಊರಿಗೆ ಮರಳುವ ದಾರಿಯುದ್ದಕ್ಕೂ ತಾವೇ ತುಂಬಿಕೊಳ್ಳುತ್ತಾರೆ. ನನ್ನ ಪರದೆಯ ಗೊರವಯ್ಯರ ಕಣ್ಣಿನ ಜಾಗದಲ್ಲಿರುವುದೂ ಒಂದೇ ಕಪ್ಪು ತ್ರಿಕೋನ. ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರೆ ಅದು ನನ್ನನ್ನೇ ದಿಟ್ಟಿಸುತ್ತದೆ.